ಹೊಗೆ ಮೊದಲು, ಕುಕ್ಕರ್ ಆಮೇಲೆ: ಕೋಲಾರದಲ್ಲಿ ನನ್ನ ಪುಲ್ಡ್ ಪೋರ್ಕ್ ಅನುಭವ

ಪ್ರೆಶರ್ ಕುಕ್ಕರ್‌ನಲ್ಲಿ ಬಾರ್ಬೆಕ್ಯೂ ಪುಲ್ಡ್ ಪೋರ್ಕ್, ಅಂದರೆ ಹೊಗೆಯಲ್ಲಿ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಹಂದಿಮಾಂಸ, ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ಭಾನುವಾರದ ಆರ್ಡರ್‌ಗಳನ್ನೆಲ್ಲ ಈಗ ಹೀಗೇ ಮಾಡಿ, ಬನ್ನಿನಲ್ಲಿಟ್ಟು ಕಳಿಸುತ್ತಿದ್ದೇನೆ. ತಿಂದವರು ಮುಂದಿನ ವಾರ ಮತ್ತೆ ಫೋನ್ ಮಾಡುತ್ತಾರೆ.

ಆಗಲ್ಲ ಅಂದವರು ತುಂಬಾ ಜನ. ಮೊದಲನೆಯವನು ನನ್ನ ಭಾವಮೈದ. ಬೆಂಗಳೂರಿನಲ್ಲಿ ಹೋಟೆಲ್ ಗ್ರಿಲ್ ನೋಡಿಕೊಳ್ಳುತ್ತಾನೆ. "ಭಾವ, ಕುಕ್ಕರ್‌ಗೆ ಹಾಕಿದ್ಮೇಲೆ ಅದು ಸಾರಿನ ಮಾಂಸ. ಹೊಗೆಯೆಲ್ಲ ನೀರಿಗೆ ಹೋಗುತ್ತೆ" ಅಂದಿದ್ದ. ಅವನು ಹೇಳಿದ್ದರಲ್ಲಿ ಅರ್ಧ ನಿಜ. ಹೊಗೆಯ ರುಚಿ ನೀರಿಗೆ ಹೋಗುತ್ತದೆ. ಆ ನೀರನ್ನು ಚೆಲ್ಲದೆ ವಾಪಸ್ ಮಾಂಸಕ್ಕೇ ಕುಡಿಸಿದರೆ ಆಯಿತು. ಇಷ್ಟು ಕಂಡುಕೊಳ್ಳಲು ನನಗೆ ಸುಮಾರು ಒಂದು ವರ್ಷ ಹಿಡಿಯಿತು. ದುಡ್ಡೂ ಸಾಕಷ್ಟು ಹೋಯಿತು.

ಮೊದಲು ನಾನೂ ಎಲ್ಲರಂತೆ ಹೊಗೆಯಲ್ಲಿ ಬೇಯಿಸಲು ಡ್ರಮ್ ಮಾಡಿಸಿದೆ. 200 ಲೀಟರಿನ ಕಬ್ಬಿಣದ ಡ್ರಮ್, ಜಾಲರಿ, ಬಾಗಿಲು, ಥರ್ಮಾಮೀಟರ್, ವೆಲ್ಡಿಂಗ್ ಕೂಲಿ ಎಲ್ಲ ಸೇರಿ 7,000 ಆಸುಪಾಸು. ಅಮೆರಿಕದವರು ಹಂದಿಯ ಭುಜದ ತುಂಡನ್ನು 110 ಡಿಗ್ರಿ ಹತ್ತಿರ ಹತ್ತು ಹನ್ನೆರಡು ಗಂಟೆ ಇಡುತ್ತಾರೆ. ಒಳಗೆ 95 ಡಿಗ್ರಿ ಬಂದಾಗ ಅದು ಕೈಯಲ್ಲೇ ಬಿಡಿಸಿಕೊಳ್ಳುತ್ತದೆ. ನಮ್ಮ ಆಷಾಢದ ಗಾಳಿಯಲ್ಲಿ ಡ್ರಮ್ಮಿನ ಬಿಸಿ ಒಮ್ಮೆ 90, ಒಮ್ಮೆ 150. ಬೆಳಗಿನ ಜಾವ ನಾಲ್ಕಕ್ಕೆ ಬೆಂಕಿ ಹಾಕಿದರೆ ಸಂಜೆವರೆಗೂ ಪಕ್ಕದಲ್ಲೇ ಇರಬೇಕು. ಸೌದೆ 15 ಕೆಜಿ ಸುಡುತ್ತದೆ. ಇಷ್ಟಕ್ಕೆ ಬರುವುದು ಒಂದೇ ಬ್ಯಾಚ್. ಮಧ್ಯಾಹ್ನದ ಊಟಕ್ಕೆ ಕೇಳಿದವರಿಗೆ ಸಂಜೆ ಆರಕ್ಕೆ ಕೊಟ್ಟರೆ ಯಾರು ತಗೊಳ್ತಾರೆ?

ಆಮೇಲೆ ಬರೀ ಕುಕ್ಕರ್. ಸಾಸ್, ಬೆಲ್ಲ, ಟೊಮ್ಯಾಟೊ, ಮಾಂಸ ಎಲ್ಲ ಒಟ್ಟಿಗೆ ಹಾಕಿದರೆ ತಳ ಹಿಡಿಯುತ್ತದೆ. ಬೆಲ್ಲ ಕೆಳಗೆ ಕೂತು ಸುಟ್ಟು ಇಡೀ ಕುಕ್ಕರ್ ಕಹಿ. ಬೆಂದ ಮೇಲೆ ಕೆಂಡದ ಮೇಲೆ ತುಪ್ಪ ಸುರಿದು ಮುಚ್ಚಿಟ್ಟೂ ನೋಡಿದೆ. ಪರಿಮಳ ಚೆನ್ನ, ಆದರೆ ಅದು ಕಬಾಬಿನ ಪರಿಮಳ. ಆನ್‌ಲೈನ್‌ನಲ್ಲಿ ತರಿಸಿದ ಲಿಕ್ವಿಡ್ ಸ್ಮೋಕ್ (ಹೊಗೆಯ ರುಚಿಯ ದ್ರವ) ಸಣ್ಣ ಬಾಟಲಿಗೆ 500 ರೂಪಾಯಿ ಮೇಲೆ. ನಾಲಿಗೆಯ ಹಿಂದೆ ಔಷಧಿಯ ಹಾಗೆ ಉಳಿಯುತ್ತದೆ. ಅದನ್ನು ಹಾಕಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಗೆದ್ದದ್ದು ಕ್ರಮ ತಿರುಗಿಸಿದಾಗ. ಹಸಿ ಮಾಂಸಕ್ಕೆ ಮೊದಲೇ ಹೊಗೆ ಕೊಟ್ಟೆ. ತಣ್ಣಗಿರುವ, ಮೇಲ್ಮೈ ಒದ್ದೆ ಇರುವ ಮಾಂಸ ಹೊಗೆಯನ್ನು ಚೆನ್ನಾಗಿ ಹಿಡಿಯುತ್ತದೆ. ಫ್ರಿಜ್‌ನಿಂದ ತೆಗೆದು ನೇರ ಡ್ರಮ್ಮಿಗೆ, ಬೆಂಕಿಯಿಂದ ದೂರ, ಸುಮಾರು ಒಂದು ಗಂಟೆ. ಬೇಯಬೇಕಾಗಿಲ್ಲ, ಬಣ್ಣ ತಿರುಗಿದರೆ ಸಾಕು. ಅಲ್ಲಿಂದ ತಡಮಾಡದೆ ಕುಕ್ಕರ್‌ಗೆ. ಅರೆಬಿಸಿ ಮಾಂಸವನ್ನು ಹೊರಗೆ ಬಿಡಬೇಡಿ, ಕೆಡುತ್ತದೆ. ಬಿಡಿಸುವಾಗ ಅಂಚಿನಲ್ಲಿ ತೆಳುವಾದ ಗುಲಾಬಿ ಗೆರೆ ಕಾಣುತ್ತದೆ. ಭಾವಮೈದನಿಗೆ ಮೊದಲು ತೋರಿಸಿದ್ದು ಆ ಗೆರೆಯನ್ನೇ. ಅವನು ಎರಡು ಬನ್ ತಿಂದು ಮೂರನೆಯದು ಕಟ್ಟಿಸಿಕೊಂಡು ಹೋದ.

ಸೌದೆ ಮಾವಿನದೇ ಆಗಬೇಕು. ಶ್ರೀನಿವಾಸಪುರದ ಕಡೆ ಕೊಯ್ಲು ಮುಗಿದ ಮೇಲೆ ತೋಟಗಳಲ್ಲಿ ಕೊಂಬೆ ಕತ್ತರಿಸುತ್ತಾರೆ. ಪರಿಚಯ ಇದ್ದರೆ ಬಿಟ್ಟಿ, ಇಲ್ಲದಿದ್ದರೆ ಆಟೋ ಬಾಡಿಗೆ ಅಷ್ಟೇ. ಆರು ತಿಂಗಳಾದರೂ ಒಣಗಿಸಿ. ನಮ್ಮಲ್ಲಿ ಎಲ್ಲಿ ನೋಡಿದರೂ ನೀಲಗಿರಿ, ಅಗ್ಗ ಕೂಡ. ಅದರ ಹತ್ತಿರ ಹೋಗಬೇಡಿ, ಮಾಂಸ ನೆಗಡಿ ಮುಲಾಮಿನ ವಾಸನೆ ಬರುತ್ತದೆ. ಹುಣಸೆ ಸೌದೆಯ ಕೆಂಡ ಗಟ್ಟಿ, ಹಾಗಾಗಿ ಕೆಳಗೆ ಹುಣಸೆ, ಮೇಲೆ ಮಾವು.

ಮಾಂಸ ಭುಜದ್ದೇ ಕೇಳಿ, ಕೊಬ್ಬು ಇರುವುದನ್ನೇ ತಗೊಳ್ಳಿ. ತೊಡೆ ನೋಡಲು ಚೆಂದ, ಆದರೆ ನಾರು ನಾರಾಗಿ ಒಣಗುತ್ತದೆ. ನಾನು ಕೆಜಿಎಫ್‌ನಿಂದ ತರುತ್ತೇನೆ. ಗಣಿ 2001ರಲ್ಲಿ ಮುಚ್ಚಿದರೂ ಆಂಗ್ಲೋ ಇಂಡಿಯನ್ ಮನೆಗಳ ಪೋರ್ಕ್ ಅಡುಗೆ ಅಲ್ಲಿ ನಿಂತಿಲ್ಲ. ಅಂಗಡಿಯವರಿಗೆ ಯಾವ ಅಡುಗೆಗೆ ಯಾವ ಭಾಗ ಅಂತ ಗೊತ್ತು. ಅಲ್ಲಿ ಒಬ್ಬರು ಆಂಟಿ ವಿಂದಾಲೂ (ವಿನೆಗರ್ ಹಾಕಿದ ಖಾರದ ಮಾಂಸದ ಅಡುಗೆ) ಮಾಡುತ್ತಾರೆ. ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸುವುದನ್ನು ಅವರಿಂದ ಕಲಿತೆ. ಆದರೆ ನಾನು ಉಪ್ಪು, ಬ್ಯಾಡಗಿ ಪುಡಿ, ಮೆಣಸು, ಸಾಸಿವೆ ಪುಡಿಯ ಜೊತೆ ಸ್ವಲ್ಪವೇ ವಿನೆಗರ್ ಬಳಸುತ್ತೇನೆ. ಉಪ್ಪು ಕೈ ಹಿಡಿದು ಹಾಕಿ, ರಸ ಬತ್ತಿಸಿದಾಗ ಅದು ಜಾಸ್ತಿಯಾಗುತ್ತದೆ. ಬೆಲ್ಲ ಈಗ ಬೇಡವೇ ಬೇಡ.

ನನ್ನದು 12 ಲೀಟರಿನ ಕುಕ್ಕರ್. ಐದು ಕೆಜಿ ಮಾಂಸ, ಒಂದೊಂದು ತುಂಡು 400 ಗ್ರಾಂ ಹತ್ತಿರ. ತೀರಾ ಸಣ್ಣ ಮಾಡಿದರೆ ಎಳೆ ಉದ್ದ ಬರುವುದಿಲ್ಲ. ತಳಕ್ಕೆ ಈರುಳ್ಳಿ, ಎರಡು ಲೋಟ ನೀರು. ಕೋಲಾರ 800 ಮೀಟರ್‌ಗಿಂತ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಒಳಗೆ 120ರ ಹತ್ತಿರ ಹೋಗುತ್ತದೆ. ಹತ್ತು ಗಂಟೆಯ ಕೆಲಸ ಒಂದು ಗಂಟೆಗೆ ಇಳಿಯುವುದು ಇದರಿಂದಲೇ. ಒಂದು ಕೂಗು ಬಂದ ಕೂಡಲೇ ಉರಿ ಪೂರ್ತಿ ಸಣ್ಣ ಮಾಡಿ, 50ರಿಂದ 55 ನಿಮಿಷ. ಮತ್ತೆ ಮತ್ತೆ ಕೂಗಿಸಬೇಡಿ. ಆವಿ ಹೋಗುತ್ತದೆ, ತಳ ಹಿಡಿಯುತ್ತದೆ.

ಆಫ್ ಮಾಡಿದ ಮೇಲೆ ವೇಟ್ ಎತ್ತಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಪ್ರೆಶರ್ ಒಮ್ಮೆಗೇ ಬಿಟ್ಟರೆ ಮಾಂಸದ ಒಳಗಿನ ರಸ ಕುದ್ದು ಹೊರಗೆ ಬರುತ್ತದೆ, ಎಳೆ ಹತ್ತಿಯಾಗುತ್ತದೆ. ಅರ್ಧ ಗಂಟೆ ಸುಮ್ನೆ ಬಿಡಿ.

ಮಾಂಸ ತೆಗೆದು ಎರಡು ಫೋರ್ಕ್‌ನಲ್ಲಿ ಬಿಡಿಸಿ. ರಸದ ಮೇಲಿನ ಕೊಬ್ಬು ಬೇರೆ ಮಾಡಿ. ರಸವನ್ನು ಅಗಲ ಬಾಣಲೆಯಲ್ಲಿ ಮೂರನೇ ಒಂದು ಭಾಗಕ್ಕೆ ಬತ್ತಿಸಿ. ಭಾವಮೈದ ಕಳೆದುಹೋಯಿತು ಅಂದಿದ್ದ ಹೊಗೆಯೆಲ್ಲ ಇದರಲ್ಲೇ ಇದೆ. ಅರ್ಧ ರಸ ಮಾಂಸಕ್ಕೆ, ಅರ್ಧ ಸಾಸ್‌ಗೆ. ಆಮೇಲೆ ತೆಗೆದಿಟ್ಟ ಕೊಬ್ಬನ್ನು ಕಾದ ದೋಸೆ ಕಾವಲಿಗೆ ಹಾಕಿ, ಮಾಂಸ ಹರಡಿ, ಅಲ್ಲಾಡಿಸದೆ ಬಿಡಿ. ಕೆಳಗೆ ಕಂದು ಚೂರು ಹಿಡಿದಾಗ ಮಗುಚಿ. ಡ್ರಮ್ಮಿನಲ್ಲಿ ಮಾಂಸದ ಮೇಲೆ ಬರುವ ಕಪ್ಪು ಪದರದ ಕೆಲಸವನ್ನು ಈ ಚೂರುಗಳು ಮಾಡುತ್ತವೆ.

ಸಾಸ್‌ಗೆ ನಮ್ಮ ಟೊಮ್ಯಾಟೊ, ಬೆಲ್ಲ, ವಿನೆಗರ್, ಸಾಸಿವೆ. ಕೋಲಾರದ ಮಾರ್ಕೆಟ್‌ನಲ್ಲಿ ರೇಟು ಬಿದ್ದಾಗ ಒಂದು ಬಾಕ್ಸ್ ತಂದು ಕಾಯಿಸಿ ಇಡುತ್ತೇನೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ದಾಟಿದ್ದು ನೆನಪಿದೆ ಅಲ್ವಾ? ಅಂಥ ದಿನ ಬಂದರೂ ಚಿಂತೆ ಇಲ್ಲ. ನಾರ್ತ್ ಕ್ಯಾರೊಲಿನಾದ ಪೂರ್ವ ಭಾಗದವರು ಟೊಮ್ಯಾಟೊ ಮುಟ್ಟುವುದೇ ಇಲ್ಲ, ಬರೀ ವಿನೆಗರ್ ಮತ್ತು ಮೆಣಸಿನಕಾಯಿ. ನಾನು ಅದಕ್ಕೆ ಚೂರು ಹುಣಸೆ ರಸ ಸೇರಿಸಿ ನೋಡಿದೆ. ನನಗೆ ಟೊಮ್ಯಾಟೊ ಸಾಸ್‌ಗಿಂತ ಅದೇ ಇಷ್ಟ. ಕೊಡಗಿನ ಕಪ್ಪು ಹುಳಿ ಕಾಚಂಪುಳಿಯನ್ನೂ ಹಾಕಿದ್ದೆ. ಆಗ ಬಾಯಿ ಅಲ್ಲಿನ ಹಂದಿಮಾಂಸದ ಪಂದಿ ಕರಿಯನ್ನೇ ನೆನೆಸಿಕೊಳ್ಳುತ್ತದೆ, ಬನ್ ಬೇಡ ಅನ್ನುತ್ತದೆ.

ಎಳೆ ಹಲಸಿನಕಾಯಿಗೂ ಇದೇ ರೀತಿ ಹೊಗೆ ಕೊಟ್ಟು ಬೇರೆ ಕುಕ್ಕರ್‌ನಲ್ಲಿ ಒಂದೇ ಕೂಗು ಕೂಗಿಸಿದ್ದೇನೆ. ಎದುರು ಮನೆಯವರು ಮಾಂಸ ತಿನ್ನುವುದಿಲ್ಲ, ಅವರಿಗೆ ಇದು ತುಂಬಾ ಹಿಡಿಸಿತು. ಮಾಂಸದ ರಸ ಸ್ವಲ್ಪ ಉಳಿದರೆ ಅದಕ್ಕೆ ಬಿಸಿನೀರು, ಬೆಳ್ಳುಳ್ಳಿ ಹಾಕಿ ರಾಗಿ ಮುದ್ದೆ ಅದ್ದಿ ತಿನ್ನಿ. ಅದನ್ನು ಮಾರುವುದಿಲ್ಲ, ಮನೆಯವರಿಗೇ ಸಾಲದು.

ಲೆಕ್ಕಕ್ಕೆ ಬರೋಣ. ಮೂಳೆ ಇಲ್ಲದ ಮಾಂಸ ಕೆಜಿಗೆ ಸುಮಾರು 350. ಐದು ಕೆಜಿ ಬೆಂದು ಮೂರು ಕೆಜಿ ಆಗುತ್ತದೆ. ಬನ್ನಿಗೆ 80 ಗ್ರಾಂ ಲೆಕ್ಕದಲ್ಲಿ 35, 36 ಬನ್. ಬನ್, ಸಾಸ್, ಎಲೆಕೋಸು, ಗ್ಯಾಸ್, ಪ್ಯಾಕಿಂಗ್ ಸೇರಿ ಒಂದಕ್ಕೆ 70 ರೂಪಾಯಿ ಬೀಳುತ್ತದೆ. ನಾನು 120ಕ್ಕೆ ಕೊಡುತ್ತೇನೆ. ಡ್ರಮ್ಮಿನ ದುಡ್ಡು ಎರಡೇ ತಿಂಗಳಲ್ಲಿ ವಾಪಸ್ ಬಂತು.

ಒಂದು ಮಾತ್ರ ನೋಡಿಕೊಳ್ಳಿ. ಹೊಗೆಯ ವಾಸನೆ ಗ್ಯಾಸ್ಕೆಟ್‌ಗೆ ಹಿಡಿದರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಈ ಕೆಲಸಕ್ಕೇ ಅಂತ ಇನ್ನೊಂದು ಗ್ಯಾಸ್ಕೆಟ್ ಇಟ್ಟುಕೊಳ್ಳಿ.