ಬಾಕ್ಸರ್ ಎದುರು ಕಿಕ್‌ಬಾಕ್ಸರ್: ಸ್ಪಾರಿಂಗ್ ಮಾಡಿಸುವವನ ಅನುಭವ

ಚಿಕ್ಕಮಗಳೂರಿನಲ್ಲಿ ನನ್ನ ಹತ್ತಿರ ಬರುವ ಹುಡುಗರಲ್ಲಿ ಹೆಚ್ಚಿನವರು ಕರಾಟೆ ಕಲಿತು ಆಮೇಲೆ ಕಿಕ್‌ಬಾಕ್ಸಿಂಗ್‌ಗೆ ಬಂದವರು. ಬರೀ ಬಾಕ್ಸಿಂಗ್ ಮಾಡಿದವರು ಕಮ್ಮಿ. ಇಬ್ಬರನ್ನೂ ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಕಾದಾಟಕ್ಕೆ, ಎದುರುಬದುರು ನಿಲ್ಲಿಸಿದಾಗಲೆಲ್ಲ ಒಂದೇ ಪ್ರಶ್ನೆ: "ಸಾರ್, ಇವರಿಬ್ಬರಲ್ಲಿ ಯಾರು ಗೆಲ್ತಾರೆ?" ಮೊದಲು ರೂಲ್ಸ್ ಯಾವುದು ಹೇಳಪ್ಪ ಅನ್ನುತ್ತೇನೆ. ಸೊಂಟದಿಂದ ಮೇಲೆ ಮಾತ್ರ ಒದೆಯುವ ಫುಲ್ ಕಾಂಟ್ಯಾಕ್ಟ್, ತೊಡೆಗೂ ಒದೆಯಬಹುದಾದ ಲೋ ಕಿಕ್, ಮೊಣಕಾಲಲ್ಲೂ ಹೊಡೆಯಬಹುದಾದ ಕೆ-1, ಮೂರೂ ಕಿಕ್‌ಬಾಕ್ಸಿಂಗೇ. ಮೊದಲನೆಯದಕ್ಕೆ ಒಳ್ಳೆಯ ಬಾಕ್ಸರ್ ಬೇಗ ಹೊಂದಿಕೊಳ್ಳುತ್ತಾನೆ. ಉಳಿದ ಎರಡರಲ್ಲಿ ಕಾಲು ಕಾಪಾಡಿಕೊಳ್ಳಲು ಬಾರದಿದ್ದರೆ ಎರಡನೇ ರೌಂಡಿನ ಹೊತ್ತಿಗೆ ಕುಂಟುತ್ತಿರುತ್ತಾನೆ.

ದೊಡ್ಡ ಪಂದ್ಯಗಳಲ್ಲೂ ಇದೇ ಕಥೆ. 1988ರಲ್ಲಿ ಲಾಸ್ ವೇಗಸ್‌ನಲ್ಲಿ ಅಮೆರಿಕದ ರಿಕ್ ರೂಫಸ್ ಮೊದಲ ರೌಂಡಿನಲ್ಲೇ ಥಾಯ್ಲೆಂಡಿನ ಚಾಂಗ್‌ಪುಯೆಕ್‌ನನ್ನು ಪಂಚ್‌ನಿಂದ ಉರುಳಿಸಿದ್ದ. ಆದರೆ ರೂಫಸ್ ಸೊಂಟದ ಮೇಲಿನ ಒದೆಗಳಲ್ಲೇ ಬೆಳೆದ ಆಟಗಾರ. ತೊಡೆಗೆ ಬಿದ್ದ ಲೋ ಕಿಕ್‌ಗಳಿಗೆ ಅವನ ಹತ್ತಿರ ಉತ್ತರವಿರಲಿಲ್ಲ, ಕಾಲು ಕೈಕೊಟ್ಟು ಸೋತ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್‌ನ ಹೆವಿವೇಟ್ ಚಿನ್ನ ಗೆದ್ದ ರೇ ಮರ್ಸರ್ ಕೆ-1ಗೆ ಬಂದು 2005ರಲ್ಲಿ ಕಿಕ್‌ಬಾಕ್ಸರ್ ರೆಮಿ ಬೊನ್ಯಾಸ್ಕಿಯ ತಲೆ ಎತ್ತರದ ಒದೆಗೆ ಮೊದಲ ರೌಂಡಲ್ಲೇ ಆಟ ಬಿಟ್ಟ. ಉಲ್ಟಾ ಲೆಕ್ಕವೂ ಇದೆ. 2018ರ ಡಿಸೆಂಬರ್ 31ರಂದು ಜಪಾನಿನ ಸೈತಾಮಾದಲ್ಲಿ ಒದೆಯುವಂತಿಲ್ಲ ಎಂಬ ನಿಯಮದಡಿ ಬಾಕ್ಸರ್ ಫ್ಲಾಯ್ಡ್ ಮೇವೆದರ್ ಎದುರು ನಿಂತ ಕಿಕ್‌ಬಾಕ್ಸರ್ ತೆನ್ಶಿನ್ ನಸುಕಾವಾ ಮೊದಲ ರೌಂಡಿನಲ್ಲೇ ಮೂರು ಸಲ ಕೆಳಗೆ ಬಿದ್ದ. ತೂಕದ ಅಂತರವೂ ಇತ್ತು ಬಿಡಿ.

ನಾನು ಮಾಡಿಸುವ ಕ್ರಮ ಹೀಗೆ. ತೂಕದಲ್ಲಿ 5 ಕೆಜಿಗಿಂತ ಹೆಚ್ಚು ವ್ಯತ್ಯಾಸವಿರುವ ಜೋಡಿ ಬೇಡ. ಇಬ್ಬರಿಗೂ 16 ಔನ್ಸ್ ಗ್ಲೌಸ್, ಹೆಡ್‌ಗಾರ್ಡ್, ಮೌತ್‌ಗಾರ್ಡ್, ಗ್ರೋಯಿನ್ ಗಾರ್ಡ್ (ತೊಡೆಸಂದಿಯ ಕವಚ). ಶಿನ್ ಗಾರ್ಡ್ (ಮೊಣಕಾಲ ಕೆಳಗಿನ ಎಲುಬಿನ ಕವಚ) ಬಾಕ್ಸರ್‌ಗೂ ಬೇಕೇ ಬೇಕು, ಒದೆ ತಡೆಯುವುದು ಅವನ ಕಾಲೇ ತಾನೆ. ರೌಂಡು 2 ನಿಮಿಷ, ನಡುವೆ 1 ನಿಮಿಷ ಬಿಡುವು. ಮೊದಮೊದಲು ಬಾಕ್ಸರ್‌ಗೆ ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಮಾತ್ರ, ಕಿಕ್‌ಬಾಕ್ಸರ್‌ಗೆ ಜ್ಯಾಬ್ ಮತ್ತು ತೊಡೆಗೆ ಹಗುರ ಒದೆ ಮಾತ್ರ. ಎಲ್ಲವನ್ನೂ ಒಮ್ಮೆಗೇ ಬಿಟ್ಟರೆ ಇಬ್ಬರೂ ಹೆದರಿ ತಮ್ಮ ಹಳೆ ಆಟಕ್ಕೇ ಅಂಟಿಕೊಳ್ಳುತ್ತಾರೆ.

ಬಾಕ್ಸರ್‌ನ ತೊಂದರೆ ಶುರುವಾಗುವುದು ನಿಲುವಿನಲ್ಲಿ. ಅವನು ಪಕ್ಕಕ್ಕೆ ತಿರುಗಿ ನಿಲ್ಲುತ್ತಾನೆ, ಮುಂದಿನ (ಎಡ) ಪಾದ ಒಳಮುಖ, ಭಾರವೆಲ್ಲ ಮುಂದಿನ ಕಾಲಿನ ಮೇಲೆ. ಎದುರಾಳಿಗೆ ಎಡ ತೊಡೆಯ ಹೊರಭಾಗ ಪೂರ್ತಿ ತೆರೆದೇ ಇರುತ್ತದೆ. ಅದರಲ್ಲೂ ಬಲಗೈ ಕ್ರಾಸ್ (ಹಿಂದಿನ ಕೈಯ ನೇರ ಪಂಚ್) ಬಿಟ್ಟ ಮರುಕ್ಷಣ ಮೈಯೆಲ್ಲ ಎಡಗಾಲಿನ ಮೇಲೆ ಬಂದಿರುತ್ತದೆ, ಆಗ ಕಾಲೆತ್ತಲು ಸಾಧ್ಯವೇ ಇಲ್ಲ. ಜಾಣ ಕಿಕ್‌ಬಾಕ್ಸರ್ ಕಾಯುವುದು ಆ ಗಳಿಗೆಗೇ. ಆದ್ದರಿಂದ ಮುಂದಿನ ಪಾದದ ಬೆರಳು ಎದುರಾಳಿಯತ್ತ ತಿರುಗಿಸಿ, ಭಾರ ಎರಡೂ ಕಾಲಿಗೆ ಸಮ ಹಂಚಿ, ಕ್ರಾಸ್ ಆದ ತಕ್ಷಣ ಎಡ ಹುಕ್ (ಪಕ್ಕದಿಂದ ಬಾಗಿ ಬರುವ ಪಂಚ್) ಹೊಡೆದು ಭಾರ ಹಿಂದಕ್ಕೆ ತಂದುಕೊಳ್ಳಲು ಹೇಳಿಕೊಡುತ್ತೇನೆ. ಕ್ರಾಸ್‌ನಲ್ಲಿ ಸ್ವಲ್ಪ ಬಲ ಹೋಗುತ್ತದೆ, ಹೋಗಲಿ.

ಒದೆ ತಡೆಯುವಾಗ ಮೊಣಕಾಲನ್ನು ಸೊಂಟದವರೆಗೆ ಎತ್ತಿ, ಸುಮಾರು 45 ಡಿಗ್ರಿ ಹೊರಕ್ಕೆ ತಿರುಗಿಸಬೇಕು. ಒದೆ ಬೀಳಬೇಕಾದದ್ದು ಮೊಣಕಾಲ ಚಿಪ್ಪಿನ ಕೆಳಗಿನ ದಪ್ಪ ಎಲುಬಿನ ಮೇಲೆ. ಕಾಲ್ಗಂಟಿನ ಹತ್ತಿರ ಬಿದ್ದರೆ ತಡೆದವನಿಗೇ ಜಾಸ್ತಿ ನೋವು. ಬಾಕ್ಸರ್‌ಗಳು ಸಾಮಾನ್ಯವಾಗಿ ಇಲ್ಲಿ ಕೈ ಇಳಿಸುತ್ತಾರೆ, ಒದೆಯನ್ನು ಮುಂಗೈಯಿಂದ ತಳ್ಳಲು ಹೋಗುತ್ತಾರೆ. ಮುಂಗೈಗೂ ಪೆಟ್ಟು, ಅದೇ ಒದೆ ಮುಂದಿನ ಸಲ ಕಿವಿಗೆ ಬರುತ್ತದೆ. ತಲೆಯನ್ನು ಬಗ್ಗಿಸಿ ತಪ್ಪಿಸಿಕೊಳ್ಳುವ ಅಭ್ಯಾಸವೂ ಕೆ-1ನಲ್ಲಿ ಅಪಾಯ, ಕೆಳಗೆ ಮೊಣಕಾಲು ಕಾಯುತ್ತಿರುತ್ತದೆ.

ಕಾಲೆತ್ತಲು ಹೊತ್ತಿಲ್ಲದಿದ್ದರೆ ಅರ್ಧ ಹೆಜ್ಜೆ ಒಳಗೆ ನುಗ್ಗಿ. ಆಗ ಶಿನ್ ಬದಲು ಎದುರಾಳಿಯ ತೊಡೆ ತಾಗುತ್ತದೆ, ಅದರಲ್ಲಿ ಏನೂ ದಮ್ಮಿರುವುದಿಲ್ಲ. ನಿಮ್ಮ ಕ್ರಾಸ್ ಮಾತ್ರ ಒಂಟಿ ಕಾಲಲ್ಲಿ ನಿಂತವನ ಮುಖಕ್ಕೆ ನೇರ ಹೋಗುತ್ತದೆ. ಇಲ್ಲವೇ ಪೂರ್ತಿ ಹಿಂದೆ ಸರಿಯಿರಿ. ನಡುವೆ ನಿಂತವನು ಕೆಟ್ಟ.

ಈಗ ಕಿಕ್‌ಬಾಕ್ಸರ್ ಕಡೆಗೆ. ಪಂಚ್ ದೂರದೊಳಗೆ ಬಂದಮೇಲೆ ಅವನು ತಬ್ಬಿಬ್ಬು. ಎರಡು ಪಂಚ್, ಒಂದು ಒದೆ, ಮತ್ತೆ ಎರಡು ಪಂಚ್, ಒಂದು ಒದೆ: ಈ ತಾಳ ಬಾಕ್ಸರ್‌ಗೆ ಒಂದು ರೌಂಡಿನಲ್ಲಿ ಬಾಯಿಪಾಠವಾಗುತ್ತದೆ. ಕೈ ತಲೆಯ ಎತ್ತರದಲ್ಲಿ, ಮೊಣಕೈ ಅಗಲವಾಗಿರುವುದರಿಂದ ಬಲ ಪಕ್ಕೆಲುಬಿನ ಕೆಳಗೆ ಲಿವರ್ ಜಾಗ ಖಾಲಿ. ಬಾಕ್ಸರ್‌ನ ಎಡ ಹುಕ್ ಅಲ್ಲಿಗೆ ಬಿದ್ದರೆ ಅವತ್ತಿನ ಆಟ ಮುಗಿಯಿತು. ಬಲಗಾಲಲ್ಲಿ ಒದೆಯುವಾಗ ಬಲಗೈ ಕೆಳಗೆ ಬೀಸುತ್ತದೆ, ಆದ್ದರಿಂದ ಎಡಗೈ ಗಲ್ಲಕ್ಕೆ ಅಂಟಿರಲೇಬೇಕು, ಬಲ ಭುಜ ಗದ್ದ ಮುಚ್ಚಬೇಕು. ಒದ್ದ ಕಾಲು ಮುಂದೆ ಬೀಳದೆ ಹೊರಟ ಜಾಗಕ್ಕೇ ವಾಪಸ್ ಬರಬೇಕು. ಮುಂದೆ ಬಿದ್ದರೆ ಎರಡೂ ಪಾದ ಒಂದೇ ಗೆರೆಗೆ ಬರುತ್ತವೆ, ಆಗ ಹಗುರ ಜ್ಯಾಬ್ ಕೂಡ ಬೀಳಿಸುತ್ತದೆ. ಪಂಚ್ ಇಲ್ಲದೆ ಬರೀ ಲೋ ಕಿಕ್ ಹೊಡೆಯಲು ನಾನು ಬಿಡುವುದಿಲ್ಲ, ಮೊದಲು ಜ್ಯಾಬ್‌ನಿಂದ ಬಾಕ್ಸರ್‌ನ ಕಣ್ಣು ಕಟ್ಟಬೇಕು.

ಬ್ಯಾಗ್ ವಿಷಯದಲ್ಲಿ ತುಂಬಾ ಜನ ದುಡ್ಡು ಹಾಳು ಮಾಡುತ್ತಾರೆ. ನಾಲ್ಕು ಅಡಿಯ ಬಾಕ್ಸಿಂಗ್ ಬ್ಯಾಗಿನಲ್ಲಿ ಲೋ ಕಿಕ್ ಕಲಿಯಲಾಗದು. ಆರು ಅಡಿಯದ್ದಾದರೆ ತುದಿ ಮೊಣಕಾಲಿಗಿಂತ ಕೆಳಗೆ ಬರುತ್ತದೆ. ಮರಳು ತುಂಬಬೇಡಿ, ತಳಕ್ಕೆ ಇಳಿದು ಕಲ್ಲಾಗುತ್ತದೆ, ಒದೆ ಬೀಳುವುದೂ ಅಲ್ಲಿಗೇ. ಟೈಲರ್ ಅಂಗಡಿಯ ಚಿಂದಿ ಸಾಕು, ಅಡಿ ಅಡಿಗೂ ತುಳಿದು ತುಂಬಿ. ಮುಂಗಾರಿನಲ್ಲಿ ನಮ್ಮೂರ ಗಾಳಿಯೇ ಒದ್ದೆ. ಮ್ಯಾಟ್ ಒಣಬಟ್ಟೆಯಲ್ಲಿ ಒರೆಸದಿದ್ದರೆ ಒದೆಯುವವನ ನಿಂತ ಕಾಲು ಜಾರಿ ಮೊಣಕಾಲು ತಿರುಚುತ್ತದೆ. ಗ್ಲೌಸ್‌ಗೆ ಹಳೇ ಪೇಪರ್ ತುರುಕಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಮೀನಖಂಡಕ್ಕೆ ಒದೆಯುವುದು ನಮ್ಮ ಸ್ಪಾರಿಂಗ್‌ನಲ್ಲಿ ನಿಷೇಧ. ಮೊಣಕಾಲ ಹೊರಬದಿ, ಸ್ವಲ್ಪ ಕೆಳಗೆ, ಚರ್ಮದಡಿಯಲ್ಲೇ ನರವೊಂದು ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಪಾದ ಮೇಲಕ್ಕೆತ್ತಲಾಗದೆ ಜೋತುಬೀಳುತ್ತದೆ. ತೊಡೆ ಊದಿಕೊಂಡರೆ ಮನೆಯಲ್ಲಿ ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಅದನ್ನು ಮಾಡಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ ಸ್ನಾಯುವನ್ನು ತಿಕ್ಕಿದರೆ ಅಲ್ಲಿ ಎಲುಬಿನಂಥ ಗಟ್ಟಿ ಬೆಳೆಯಬಹುದು. ಮೊಣಕಾಲು ಮಡಿಸಿಟ್ಟುಕೊಂಡು ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ ಇಡಿ, ದಿನಕ್ಕೆ ಮೂರ್ನಾಲ್ಕು ಸಲ. ಹಿಮ್ಮಡಿ ಪೃಷ್ಠಕ್ಕೆ ತಾಗುವಷ್ಟು ನೋವಿಲ್ಲದೆ ಮಡಚಲು ಬಂದ ಮೇಲೆಯೇ ಆ ಹುಡುಗನಿಗೆ ಮತ್ತೆ ಲೋ ಕಿಕ್ ರೌಂಡು.