ಸ್ಪಿರಿಟ್, ಅರಗು ಮತ್ತು ಆಷಾಢದ ಮಳೆ

ಮರಕ್ಕೆ ಪಾಲಿಶ್ ಹಾಕುವವರು ಬರಿಯ ‘ಸ್ಪಿರಿಟ್’ ಎಂದರೆ ಅದು ಮಿಥಿಲೇಟೆಡ್ ಸ್ಪಿರಿಟ್ ಎಂದೇ ಅರ್ಥ. ಕಾಕಂಬಿಯಂಥ ಪದಾರ್ಥದಿಂದ ಭಟ್ಟಿ ಇಳಿಸಿದ ಎಥನಾಲ್ ಮದ್ಯದ ಸುಂಕವಿಲ್ಲದೆ ಕೈಗಾರಿಕೆಗೆ ಸಿಗಬೇಕು, ಆದರೆ ಯಾರೂ ಅದನ್ನು ಕುಡಿಯಬಾರದು ಎಂಬ ಕಾರಣಕ್ಕೆ ಮೆಥನಾಲ್ ಎಂಬ ವಿಷಕಾರಿ ದ್ರವ ಬೆರೆಸಿ ಬೇಕೆಂದೇ ಕೆಡಿಸಿದ ದ್ರವವಿದು. ಬ್ರಿಟನ್ನಿನಲ್ಲಿ ಈ ಏರ್ಪಾಡು 1855ರಲ್ಲಿ ಜಾರಿಗೆ ಬಂದಿತು.

ಸಾಗರದ ನಮ್ಮ ಮನೆಯಲ್ಲಿದ್ದ ಅಜ್ಜನ ಕಾಲದ ಬೀಟೆ ಮೇಜಿನ ಮೇಲೆ ಬಿಸಿ ಕಾಫಿ ಲೋಟಗಳು ಬಿಳಿಯ ಉಂಗುರಗಳನ್ನು ಮೂಡಿಸಿದ್ದವು. ಮೊದಲು ಮೇಜಿನ ಕಾಲಿನ ಒಳಮಗ್ಗುಲಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ನೋಡಿದೆ. ಹೊಳಪು ಮೆತ್ತಗಾಗಿ ಬೆರಳಿಗೆ ಅಂಟಿದ್ದರಿಂದ ಅದು ಅರಗಿನ ಪಾಲಿಶ್ ಎಂದು ಖಾತ್ರಿಯಾಯಿತು. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಕರಗಲು ಬಿಟ್ಟು, ಮರುದಿನ ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿಕೊಂಡೆ. ಕಬ್ಬಿಣದ ಡಬ್ಬಿ ಬೇಡ, ಅರಗು ಕಪ್ಪಾಗುತ್ತದೆ.

ನಾನು ಎಡವಿದ್ದು ಕಾಲದ ವಿಷಯದಲ್ಲಿ. ಆಷಾಢದ ಜಡಿಮಳೆಯಲ್ಲೇ ಪಾಲಿಶ್ ಬಳಿಯುವ ಬಟ್ಟೆಯುಂಡೆ ಹಿಡಿದು ಕುಳಿತೆ. ಎರಡನೆಯ ಕೋಟು ಬಳಿಯುತ್ತಲೇ ಮೇಜಿನ ತುಂಬ ಹಾಲು ಚೆಲ್ಲಿದಂತೆ ಬಿಳಿ ಮಂಜು ಕವಿಯಿತು. ಸ್ಪಿರಿಟ್ ಬೇಗ ಆರುವಾಗ ಮರದ ಮೈಯಿಂದ ಬಿಸಿಯನ್ನು ಸೆಳೆದುಕೊಳ್ಳುತ್ತದೆ. ತಣ್ಣಗಾದ ಆ ಮೈಮೇಲೆ ಗಾಳಿಯ ತೇವ ಇಳಿದು, ಹಸಿ ಅರಗಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಗಾಬರಿಯಲ್ಲಿ ಇನ್ನಷ್ಟು ಸ್ಪಿರಿಟ್ ಸುರಿದು ಉಜ್ಜುವಾಗ ಕೈ ಒಂದು ಕ್ಷಣ ನಿಂತಿತು, ಉಂಡೆ ಅಂಟಿತು, ಹೆಬ್ಬೆರಳಗಲದ ಪಾಲಿಶ್ ಕಿತ್ತುಬಂತು. ಕೊನೆಗೆ ನಾಲ್ಕು ದಿನ ಕಾದು, ಹೊಳವಾದ ಮಧ್ಯಾಹ್ನ, ಬರೀ ಸ್ಪಿರಿಟ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಉಂಡೆಯನ್ನು ಎಲ್ಲೂ ನಿಲ್ಲಿಸದೆ ಹಗುರವಾಗಿ ಎಳೆದಾಗ, ಮೇಲ್ಪದರ ಸಡಿಲಗೊಂಡು ತೇವ ಹೊರಬಿದ್ದು, ಬೀಟೆಯ ಕಪ್ಪು ಗೆರೆಗಳು ಮತ್ತೆ ಕಂಡವು. ಉಂಗುರಗಳೂ ಅದೇ ಉಪಾಯಕ್ಕೆ ಮಣಿದವು. ಕಿತ್ತುಹೋದ ಜಾಗಕ್ಕೆ ಮಾತ್ರ ಆರು ಕೋಟು ಬೇಕಾಯಿತು.

ಉಳಿದ ಸ್ಪಿರಿಟ್‌ನಿಂದ ಕಿಟಕಿಯ ಗಾಜು ಒರೆಸಿದೆ, ಡಬ್ಬಿಗಳ ಲೇಬಲ್ ಅಂಟನ್ನು ತೆಗೆದೆ. ಹಿಂದೆ ಅಮ್ಮ ಸೀಮೆಎಣ್ಣೆಯ ಪಂಪ್ ಸ್ಟೌವಿನ ಬರ್ನರ್ ಕಾಯಿಸಲು ಅದರ ಬಟ್ಟಲಿಗೆ ಇದನ್ನೇ ಹನಿಸುತ್ತಿದ್ದಳು. ಇದರ ಜ್ವಾಲೆ ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಆದ್ದರಿಂದ ಬೆಂಕಿ ಆರಿದೆಯೆಂದು ಭಾವಿಸಿ ಮತ್ತೆ ಹನಿಸಲು ಹೋಗಬಾರದು. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನೇ ಸುಡುವುದರಿಂದ, ಇದನ್ನು ಕುಡಿಯುವ ನೀರಿನ ಬಾಟಲಿಗೆ ನಾನು ಎಂದೂ ತುಂಬುವುದಿಲ್ಲ. ‘ವಿಷ’ ಎಂದು ಬರೆದ ಚೀಟಿ ಅಂಟಿಸಿ, ಒಲೆಯಿಂದ ದೂರದ ಅಟ್ಟದಲ್ಲಿ ಇಡುತ್ತೇನೆ.