ಕರಾವಳಿಯ ಮನೆಗೆ ಗೇಮಿಂಗ್ ಮಾನಿಟರ್: ನಾನು ಪ್ಯಾನೆಲ್ ಆರಿಸುವ ಕ್ರಮ

ಐಪಿಎಸ್, ವಿಎ, ಓಎಲ್‌ಇಡಿ ಎಂಬ ಮೂರು ಬಗೆಯ ಪ್ಯಾನೆಲ್‌ಗಳಲ್ಲಿ, ಅಂದರೆ ಚಿತ್ರ ಮೂಡಿಸುವ ಪರದೆಗಳಲ್ಲಿ, ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಮೇಜು ಇಡುವ ಕೋಣೆಯಲ್ಲಿ ಕಿಟಕಿ ಯಾವ ಬದಿಗೆ ಉಂಟು? ಕರೆಂಟ್ ಹೋದರೆ ಕಂಪ್ಯೂಟರಿಗೆ ಯುಪಿಎಸ್ ಉಂಟಾ? ಮಂಗಳೂರು, ಉಡುಪಿಯ ಮನೆಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ವಿಚಾರ ಇವೆರಡರ ನಂತರವೇ ಬರಬೇಕು.

ಐಪಿಎಸ್‌ನ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅನುಪಾತ, ಸುಮಾರು 1000:1. ಬಿಳಿ 300 ನಿಟ್ಸ್ (ಹೊಳಪಿನ ಅಳತೆ) ಇಟ್ಟರೆ ಕಪ್ಪು 0.3 ನಿಟ್ಸ್. ದೀಪ ಆರಿಸಿದ ಕೋಣೆಯಲ್ಲಿ ಅದು ಬೂದಿ ಬಣ್ಣವಾಗಿ ಕಾಣುತ್ತದೆ, ಮೂಲೆಗಳಲ್ಲಿ ಬೆಳಕು ಸೋರಿದ ಹಾಗೆಯೂ ಇರುತ್ತದೆ. ವಿಎಯಲ್ಲಿ ಇದೇ ಅನುಪಾತ 3000:1ರಿಂದ 5000:1ರವರೆಗೆ ಹೋಗುತ್ತದೆ. ಆದರೆ ಪಡುವಣ ಕಿಟಕಿಯಿರುವ ಕೋಣೆಯಲ್ಲಿ, ಅಥವಾ ಮಾಡಿಗೆ ಗಾಜಿನ ಹಂಚು ಕೂರಿಸಿದ ಹಳೇ ಮನೆಯಲ್ಲಿ, ಸಂಜೆವರೆಗೂ ಪರದೆಯ ಮೇಲೆ ಬೀಳುವ ಬೆಳಕೇ ಆ ಕಪ್ಪನ್ನು ಕೆಡಿಸುತ್ತದೆ. ಅಲ್ಲಿ ವಿಎಗೆ ಕೊಟ್ಟ ಹಣ ಕಣ್ಣಿಗೆ ಕಾಣುವುದಿಲ್ಲ. ಹಗಲು ಆಡುವವರಿಗೆ 350 ನಿಟ್ಸ್ ಮೇಲಿನ ಮ್ಯಾಟ್ ಐಪಿಎಸ್ ಸಾಕು. ರಾತ್ರಿ ದೀಪ ಆರಿಸಿ ಕಥೆಯಿರುವ ಆಟ ಆಡುವವರು ಮಾತ್ರ ವಿಎ ಕಡೆ ನೋಡಬಹುದು.

ವಿಎಯ ನಿಜವಾದ ತೊಂದರೆ ಕಪ್ಪಿನಿಂದ ಗಾಢ ಬೂದಿಗೆ ಬದಲಾಗುವಾಗಿನ ನಿಧಾನ. 165 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 165 ಚಿತ್ರ) ಒಂದು ಫ್ರೇಮಿನ ಆಯುಷ್ಯ 6.06 ಮಿಲಿಸೆಕೆಂಡ್. ಅಗ್ಗದ ವಿಎಯಲ್ಲಿ ಆ ಒಂದು ಬದಲಾವಣೆಗೇ 20ಕ್ಕಿಂತ ಹೆಚ್ಚು ಮಿಲಿಸೆಕೆಂಡ್ ಹಿಡಿಯುವುದುಂಟು. ಮೂರು ನಾಲ್ಕು ಫ್ರೇಮ್ ಕಳೆದರೂ ಹಳೆಯ ಚಿತ್ರ ಪೂರ್ತಿ ಅಳಿದಿರುವುದಿಲ್ಲ, ಕತ್ತಲ ದೃಶ್ಯದಲ್ಲಿ ಕ್ಯಾಮೆರಾ ತಿರುಗಿಸಿದರೆ ಕಪ್ಪು ಬಾಲ ಎಳೆಯುತ್ತದೆ. ಪಿಕ್ಸೆಲ್‌ಗಳನ್ನು ಬೇಗ ಬದಲಾಯಿಸುವ ಓವರ್‌ಡ್ರೈವ್ ಸೆಟ್ಟಿಂಗ್ ಏರಿಸಿದರೆ ಬಾಲ ಹೋಗಿ ವಸ್ತುಗಳ ಅಂಚಿನಲ್ಲಿ ಬಿಳಿ ಪ್ರಭೆ ಬರುತ್ತದೆ. 165 ಹರ್ಟ್ಜ್‌ಗೆ ಸರಿಯಾಗಿದ್ದ ಓವರ್‌ಡ್ರೈವ್, ಆಟ 60 ಫ್ರೇಮಿಗೆ ಇಳಿದಾಗ ಅತಿಯಾಗುವುದೂ ಉಂಟು. ಹಾಗಾಗಿ ಮಧ್ಯದ ಹಂತದಲ್ಲಿ ಇಟ್ಟು ಬಿಡುವುದು ನನ್ನ ರೂಢಿ. ಆಟದ ಫ್ರೇಮ್ ವೇಗಕ್ಕೆ ಪರದೆಯ ವೇಗವನ್ನು ಹೊಂದಿಸುವ ಫ್ರೀಸಿಂಕ್ ಹಾಕಿದಾಗ ಲೋಡಿಂಗ್ ಪರದೆ ಮಿಣುಕಿದರೆ ಗಾಬರಿ ಬೇಡ, ಅದೂ ವಿಎಯ ಗುಣವೇ. ಆ ಆಟಕ್ಕೆ ಮಾತ್ರ ಫ್ರೀಸಿಂಕ್ ತೆಗೆದರಾಯಿತು. ವ್ಯಾಲರಂಟ್, ಕೌಂಟರ್ ಸ್ಟ್ರೈಕ್‌ನಂಥ ವೇಗದ ಗುಂಡಿನ ಆಟ ಮಾತ್ರ ಆಡುವವರಿಗೆ ವಿಎಯನ್ನು ನಾನು ಹೇಳುವುದೇ ಇಲ್ಲ.

ಡಬ್ಬದ ಮೇಲಿನ ‘1 ಎಂಎಸ್’ (ಮಿಲಿಸೆಕೆಂಡ್) ನಂಬಿ ಕೊಳ್ಳಬೇಡಿ. ಪಕ್ಕದಲ್ಲಿ ಎಂಪಿಆರ್‌ಟಿ ಎಂದಿದ್ದರೆ ಅದು ಹಿಂಬೆಳಕನ್ನು ಮಿಣುಕಿಸಿ ತೆಗೆದ ಲೆಕ್ಕ, ಆಗ ಹೊಳಪು ಇಳಿಯುತ್ತದೆ, ಎಷ್ಟೋ ಮಾನಿಟರ್‌ಗಳಲ್ಲಿ ಫ್ರೀಸಿಂಕ್ ಜೊತೆಗೆ ನಡೆಯುವುದೂ ಇಲ್ಲ. ಡಿಸ್‌ಪ್ಲೇ ಎಚ್‌ಡಿಆರ್ 400 ಎಂಬ ಪ್ರಮಾಣಪತ್ರದ ಚೀಟಿಗೂ ಲೋಕಲ್ ಡಿಮ್ಮಿಂಗ್ (ಕಪ್ಪಿರುವ ಜಾಗದ ಹಿಂಬೆಳಕನ್ನು ಮಾತ್ರ ತಗ್ಗಿಸುವುದು) ಕಡ್ಡಾಯವಿಲ್ಲ, ಅದಕ್ಕೆಂದು ಹೆಚ್ಚು ಹಣ ಕೊಡುವುದು ದಂಡ. ಮಂಗಳೂರಿನ ಹಂಪನಕಟ್ಟೆ ಸುತ್ತಿನ ಅಂಗಡಿಗಳಲ್ಲಿ ನೋಡುವಾಗ ಮೇಲಿನ ದೀಪಗಳ ಬೆಳಕಿಗೆ ಎಲ್ಲ ಪ್ಯಾನೆಲ್ ಒಂದೇ ಥರ ಕಾಣುತ್ತವೆ. ಟೆಸ್ಟ್ ಯುಎಫ್ಒ ಎಂಬ ಜಾಲತಾಣ ತೆರೆದು, ಕಪ್ಪು ಹಿನ್ನೆಲೆಯಲ್ಲಿ ಚಿತ್ರ ಓಡಿಸಿ ಬಾಲ ಎಷ್ಟು ಉದ್ದ ಎಂದು ನೋಡಿ. ಮನೆಗೆ ತಂದ ಮೇಲೆ ಬೆಳಕು ಸೋರುವುದನ್ನು ಪರೀಕ್ಷಿಸುವಾಗ ಪೂರ್ತಿ ಕಪ್ಪು ಚಿತ್ರ ಹಾಕಿ, ದಿನಾ ಇಡುವ ಹೊಳಪಿನಲ್ಲೇ, 60–70 ಸೆಂ.ಮೀ. ದೂರದಿಂದ ಕಣ್ಣಲ್ಲೇ ನೋಡಬೇಕು. ಮೊಬೈಲ್ ಕ್ಯಾಮೆರಾ ಕತ್ತಲೆಯಲ್ಲಿ ಬೆಳಕನ್ನು ಹಿಗ್ಗಿಸಿ ಒಳ್ಳೆಯ ಪ್ಯಾನೆಲನ್ನೂ ಕೆಟ್ಟದ್ದೆಂದು ತೋರಿಸುತ್ತದೆ.

ಟಿಎನ್ ಎಂಬ ಹಳೆಯ ಬಗೆಯ ಪ್ಯಾನೆಲ್ ಬೇಡ. ವೇಗದಲ್ಲಿ ಐಪಿಎಸ್ ಈಗ ಅದನ್ನು ಹಿಡಿದಾಗಿದೆ, ಬದಿಯಿಂದ ನೋಡಿದರೆ ಬಣ್ಣ ಕೆಡುವ ಗುಣ ಮಾತ್ರ ಅದರಲ್ಲಿ ಉಳಿದಿದೆ.

ಓಎಲ್‌ಇಡಿ ಚಿತ್ರಕ್ಕೆ ಸಾಟಿಯಿಲ್ಲ, ಆದರೆ ನಮ್ಮ ಕಡೆಯ ಒಂದು ಅಭ್ಯಾಸಕ್ಕೂ ಅದಕ್ಕೂ ಆಗಿಬರುವುದಿಲ್ಲ. ಆಟ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸುವುದು. ಈ ಪ್ಯಾನೆಲ್ ಸಾಮಾನ್ಯವಾಗಿ ನಾಲ್ಕು ಗಂಟೆಯಷ್ಟು ಬಳಕೆಯಾದ ಮೇಲೆ, ಸ್ಟ್ಯಾಂಡ್‌ಬೈಗೆ ಹೋದಾಗ, ಪಿಕ್ಸೆಲ್‌ಗಳ ಸವೆತ ಸರಿದೂಗಿಸುವ ಕೆಲಸವನ್ನು ಕೆಲವು ನಿಮಿಷ ತಾನೇ ಮಾಡಿಕೊಳ್ಳುತ್ತದೆ. ದಿನಾ ಸ್ವಿಚ್ ಆರಿಸಿದರೆ ಆ ಕೆಲಸ ನಡೆಯುವುದೇ ಇಲ್ಲ, ಟಾಸ್ಕ್‌ಬಾರ್‌ನ ಗುರುತು ಬೇಗ ಅಚ್ಚೊತ್ತುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿಬರುವಾಗಲೂ ಇದೇ ಕತೆ. ಆದ್ದರಿಂದ ಓಎಲ್‌ಇಡಿ ಎಂದರೆ ಯುಪಿಎಸ್ ಸೇರಿಸಿಯೇ ಲೆಕ್ಕ ಹಾಕಬೇಕು. 600 ವಿಎ (ಇಲ್ಲಿ ವಿಎ ಎಂದರೆ ವೋಲ್ಟ್ ಆಂಪಿಯರ್, ಪ್ಯಾನೆಲ್ ಅಲ್ಲ) ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್, ಭಾರದ ಆಟದ ಮಧ್ಯೆ ಕರೆಂಟ್ ಹೋದರೆ ಅದು ಕೈಕೊಡಬಹುದು. 1100 ವಿಎ ಆದರೆ ಸುಮಾರು 660 ವ್ಯಾಟ್. ಕರೆಂಟ್ ಹೋದಾಗ ಆಟ ನಿಲ್ಲಿಸಿ, ಸಿಪಿಯು ಆರಿಸಿ, ಮಾನಿಟರ್ ಒಂದನ್ನೇ ಯುಪಿಎಸ್ ಮೇಲೆ ಬಿಟ್ಟರೆ ಅದು ತನ್ನ ಕೆಲಸ ಮುಗಿಸುತ್ತದೆ. ಟಾಸ್ಕ್‌ಬಾರ್ ಅಡಗಿಸಿ, ಕಪ್ಪು ವಾಲ್‌ಪೇಪರ್ ಹಾಕಿ, 5 ನಿಮಿಷಕ್ಕೆ ಪರದೆ ಆರುವಂತೆ ಇಡಿ. ವಾರಂಟಿಯಲ್ಲಿ ‘ಬರ್ನ್ ಇನ್’, ಅಂದರೆ ಹೀಗೆ ಅಚ್ಚೊತ್ತಿದ ಗುರುತು, ಸೇರಿದೆ ಎಂದು ಬರೆದಿದ್ದರೆ ಮಾತ್ರ ಕೊಳ್ಳಿ. ಕ್ಯೂಡಿ ಓಎಲ್‌ಇಡಿ ಎಂಬ ಬಗೆಯಾದರೆ ಕಿಟಕಿಗೆ ದಪ್ಪ ಪರದೆಯೂ ಬೇಕು. ಅದರಲ್ಲಿ ಹೊರಗಿನ ಬೆಳಕಿನ ಪ್ರತಿಫಲನ ತಡೆಯುವ ಪೋಲರೈಸರ್ ಪದರ ಇಲ್ಲದ ಕಾರಣ ಹಗಲು ಬೆಳಕಿಗೆ ಕಪ್ಪು ನೇರಳೆಗೆ ತಿರುಗುತ್ತದೆ.

ಗಾತ್ರದಲ್ಲಿ ತಲೆಕೆಡಿಸಿಕೊಳ್ಳುವಂಥದ್ದಿಲ್ಲ: 1080ಪಿ (1920×1080 ಪಿಕ್ಸೆಲ್) ಆದರೆ 24 ಇಂಚು, 1440ಪಿ (2560×1440) ಆದರೆ 27. ಮಣಿಪಾಲದ ಹಾಸ್ಟೆಲ್ ಮೇಜಿಗೆ ಮೊದಲನೆಯದೇ ಸರಿ. 27 ಇಂಚಿಗೆ 1080ಪಿ ಹಾಕಿದರೆ ಇಂಚಿಗೆ 82 ಪಿಕ್ಸೆಲ್ ಮಾತ್ರ, ಅಕ್ಷರ ಒಡೆದು ಕಾಣುತ್ತದೆ.

ಜೋಡಿಸಿದ ಮೇಲೆ ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ರಿಫ್ರೆಶ್ ರೇಟ್ ನೋಡಿ, ಎಷ್ಟೋ ಜನರದ್ದು 60ರಲ್ಲೇ ನಿಂತಿರುತ್ತದೆ. ಎಚ್‌ಡಿಎಂಐ 2.0ರಲ್ಲಿ 1440ಪಿಗೆ ಸಾಮಾನ್ಯವಾಗಿ 144ರ ಮೇಲೆ ಸಿಗುವುದಿಲ್ಲ, ಡಿಸ್‌ಪ್ಲೇ ಪೋರ್ಟ್ ತಂತಿಯನ್ನೇ ಹಾಕಿ. ಮೇ ತಿಂಗಳ ಗುಡುಗು ಶುರುವಾದರೆ ಓಎಲ್‌ಇಡಿಯ ಸ್ಟ್ಯಾಂಡ್‌ಬೈ ಮಾತು ಮರೆತು ಪ್ಲಗ್ ಕಿತ್ತುಬಿಡಿ, ಜೊತೆಗೆ ಲ್ಯಾನ್ ತಂತಿಯನ್ನೂ. ಮನೆಗೆ ಫೈಬರ್ ಬಂದಿದ್ದರೂ ರೂಟರಿನಿಂದ ಕಂಪ್ಯೂಟರಿಗೆ ಬರುವುದು ಸಿಡಿಲಿನ ಕರೆಂಟ್ ಹಾಯುವ ತಾಮ್ರವೇ, ಮಾರಾಯ್ರೆ.